ಬಂಡೆ ಹತ್ತಲು ಕಲಿಯುವವರು ಎಡವುವುದು ಎಲ್ಲಿ?

ಬಂಡೆ ಹತ್ತಲು ಕಲಿಯುವವರು ಮಾಡುವ ತಪ್ಪುಗಳಲ್ಲಿ ಎರಡು ಬಗೆ. ಕೈಬಲದಿಂದಲೇ ಮೈಯನ್ನು ಎಳೆಯುವುದು, ಕಾಲನ್ನು ಎಲ್ಲೆಂದರಲ್ಲಿ ಇಡುವುದು, ಉಸಿರು ಬಿಗಿಹಿಡಿಯುವುದು ಮೊದಲ ಬಗೆಯವು. ಇವುಗಳಿಂದ ಆಯಾಸವಾಗುತ್ತದೆ, ನಿರಾಸೆಯಾಗುತ್ತದೆ, ಒಂದಿಷ್ಟು ಚರ್ಮ ಸುಲಿಯುತ್ತದೆ. ಅರ್ಧ ಕಟ್ಟಿದ ಗಂಟು, ತಿರುಪು ಮುಚ್ಚದ ಕೊಂಡಿ, ಅಳತೆ ನೋಡದ ಹಗ್ಗ ಎರಡನೆಯ ಬಗೆಯವು. ಇವು ಜೀವಕ್ಕೇ ಕುತ್ತು ತರುತ್ತವೆ. ಹೊಸಬರ ಭಯ ಮಾತ್ರ ತಪ್ಪು ಜಾಗದಲ್ಲಿ ಕೂತಿರುತ್ತದೆ. ಹತ್ತು ಅಡಿ ಮೇಲೇರಿ, ಹಗ್ಗ ಬಿಗಿಯಾಗಿದ್ದರೂ ಗಡಗಡ ನಡುಗುವವರು ಕೆಳಗೆ ನಿಂತು ಗಂಟು ಕಟ್ಟುವಾಗ ಪಕ್ಕದವರ ಜೊತೆ ಹರಟುತ್ತಿರುತ್ತಾರೆ. ಅಪಾಯ ಹೆಚ್ಚಾಗಿ ಇರುವುದು ಆ ಹರಟೆಯ ಹೊತ್ತಿನಲ್ಲಿ.

ಕರ್ನಾಟಕದಲ್ಲಿ ಹತ್ತುವವರಿಗೆ ಬಂಡೆಯ ಬರವಿಲ್ಲ. ಬೆಂಗಳೂರಿನ ಸುತ್ತ ರಾಮನಗರ ಮತ್ತು ಸಾವನದುರ್ಗದ ಗ್ರಾನೈಟ್ ಬೆಟ್ಟಗಳಿವೆ, ನಗರದ ದಕ್ಷಿಣ ಅಂಚಿನ ತುರಹಳ್ಳಿಯಲ್ಲಿ ಗುಂಡುಕಲ್ಲುಗಳಿವೆ. ಹಂಪಿಯ ಗುಂಡುಗಳಿಗೂ ಬಾದಾಮಿಯ ಕೆಂಪು ಮರಳುಗಲ್ಲಿನ ಗೋಡೆಗಳಿಗೂ ಚಳಿಗಾಲದಲ್ಲಿ ಹೊರದೇಶದವರೂ ಬರುತ್ತಾರೆ. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಈ ಕ್ರೀಡೆಗೆ ಮೊದಲ ಬಾರಿ ಜಾಗ ಸಿಕ್ಕಿತು. ಈಗ ಒಳಾಂಗಣದ ಕೃತಕ ಗೋಡೆಗಳಲ್ಲಿ ಕಲಿತು ಆಮೇಲೆ ಬಂಡೆಗೆ ಬರುವವರು ಬಹಳ. ಒಳಗಿನ ಗೋಡೆಯಲ್ಲಿ ಹಿಡಿಗಳು ಬಣ್ಣಬಣ್ಣದವಾಗಿರುತ್ತವೆ, ಕೆಳಗೆ ದಪ್ಪ ಹಾಸಿಗೆ ಇರುತ್ತದೆ, ಹಗ್ಗವನ್ನು ಬೇರೆಯವರು ಪರೀಕ್ಷಿಸಿರುತ್ತಾರೆ. ಬಂಡೆಯಲ್ಲಿ ಇವು ಯಾವುವೂ ಇಲ್ಲ. ಗೋಡೆಯಲ್ಲಿ ಯಾವ ಕಷ್ಟದ ದರ್ಜೆ ಹತ್ತಿದರೋ ಬಂಡೆಯಲ್ಲೂ ಅದೇ ದರ್ಜೆಯಿಂದ ಶುರು ಮಾಡಲು ಹೋಗುವುದು ಹೊಸಬರ ಬಹು ಸಾಮಾನ್ಯ ತಪ್ಪು. ಮೊದಲ ಕೆಲವು ದಿನ ಎರಡು ಮೂರು ದರ್ಜೆ ಕೆಳಗಿಳಿದು ಹತ್ತುವುದೇ ಜಾಣತನ.

ಕೈ ಎಳೆಯುತ್ತದೆ, ಕಾಲು ಹೊರುತ್ತದೆ

ಹೊಸಬರ ಕಣ್ಣು ಸದಾ ಮೇಲಕ್ಕೆ, ಮುಂದಿನ ಹಿಡಿ ಎಲ್ಲಿದೆ ಎಂದು ಹುಡುಕುತ್ತಿರುತ್ತದೆ. ಹಿಡಿ ಸಿಕ್ಕ ಕೂಡಲೇ ಅದನ್ನು ಬಲವಾಗಿ ಅಮುಕಿ, ಮೊಣಕೈ ಮಡಚಿ, ಮೈಯನ್ನು ಮೇಲೆಳೆಯುತ್ತಾರೆ. ಕಾಲು ಹಿಂದೆಯೇ ಗೋಡೆಗೆ ಉಜ್ಜಿಕೊಂಡು ಬರುತ್ತದೆ. ತೊಡೆಯ ಸ್ನಾಯುವಿನ ಮುಂದೆ ಮುಂಗೈಯ ಸ್ನಾಯು ಬಹಳ ಸಣ್ಣದು, ದಿನವಿಡೀ ನಮ್ಮ ಭಾರ ಹೊತ್ತು ತಿರುಗುವುದು ಕಾಲೇ. ಆ ಕೆಲಸವನ್ನು ಕೈಗೆ ಒಪ್ಪಿಸಿದರೆ ಎರಡು ಮೂರು ನಿಮಿಷಕ್ಕೆ ಮುಂಗೈ ಕಲ್ಲಿನಂತಾಗಿ ಬೆರಳು ತಾನೇ ಬಿಚ್ಚಿಕೊಳ್ಳುತ್ತದೆ. ಬಿಗಿಹಿಡಿದ ಸ್ನಾಯುವೊಳಗೆ ರಕ್ತನಾಳ ಅದುಮಿಕೊಳ್ಳುವುದರಿಂದ ರಕ್ತ ಸರಿಯಾಗಿ ಓಡುವುದಿಲ್ಲ, ದಣಿವು ಅಲ್ಲೇ ಕೂಡಿಬೀಳುತ್ತದೆ. ಮಲೆನಾಡಿನಲ್ಲಿ ಅಡಿಕೆ ಕೊನೆ ಕೊಯ್ಯುವವರು ಮರ ಹತ್ತುವುದನ್ನು ನೋಡಿದರೆ ಇದು ಸ್ಪಷ್ಟ: ಪಾದಗಳಿಗೆ ಬಳೆಯಾಕಾರದ ಕಟ್ಟು ತೊಟ್ಟು ಕಾಲಿನಿಂದ ಒದ್ದು ಮೇಲೇರುತ್ತಾರೆ, ಕೈ ಮರವನ್ನು ತಬ್ಬಿ ಮೈ ಹಿಂದಕ್ಕೆ ಬೀಳದಂತೆ ಹಿಡಿದಿರುತ್ತದಷ್ಟೆ.

ಕಾಲಿಡುವುದರಲ್ಲೂ ತಪ್ಪುಗಳಿವೆ. ಮೆಟ್ಟಿಲು ಹತ್ತುವಂತೆ ಪಾದದ ನಡುಭಾಗವನ್ನು ಹಿಡಿಯ ಮೇಲಿಟ್ಟರೆ ಪಾದದ ಮುಂತುದಿ ಗೋಡೆಗೆ ತಾಗಿ ಪಾದ ತಿರುಗಲು ಜಾಗವೇ ಉಳಿಯುವುದಿಲ್ಲ. ಇಡಬೇಕಾದ್ದು ಹೆಬ್ಬೆರಳಿನ ತುದಿಯ ಒಳಅಂಚು. ಹಾಗಿಟ್ಟರೆ ಪಾದ ಅಲ್ಲಿಯೇ ತಿರುಗುತ್ತದೆ, ಸೊಂಟ ಎಡಕ್ಕೂ ಬಲಕ್ಕೂ ಹೊರಳುತ್ತದೆ. ಎರಡನೆಯದು, ಕಾಲು ಹಿಡಿಯನ್ನು ಮುಟ್ಟುವ ಮೊದಲೇ ಕಣ್ಣು ಅಲ್ಲಿಂದ ಹೊರಟುಹೋಗುವುದು. ಶೂ ಅದರ ಮೇಲೆ ಕೂತಿತೇ ಎಂದು ಕೊನೆಯವರೆಗೂ ನೋಡದವರು ಗೋಡೆಗೆ ಕಾಲು ಬಡಿಯುತ್ತಾ, ಎರಡೆರಡು ಸಲ ಇಡುತ್ತಾ ಹತ್ತುತ್ತಾರೆ. ಅನುಭವಿಗಳು ಹತ್ತುವಾಗ ಶೂವಿನ ಸದ್ದೇ ಬರುವುದಿಲ್ಲ. ಸದ್ದಿಲ್ಲದೆ ಕಾಲಿಡುತ್ತೇನೆಂದು ಹಟ ಹಿಡಿದು ಒಂದು ಸುಲಭ ದಾರಿಯನ್ನು ಹತ್ತಾರು ಸಲ ಹತ್ತುವುದು ಕಾಲಿನ ಕೆಲಸ ಕಲಿಯಲು ಇರುವ ಅತ್ಯುತ್ತಮ ಅಭ್ಯಾಸ. ಬೇಸರದ ಕೆಲಸವಾದ್ದರಿಂದ ಹೆಚ್ಚಿನವರು ಮಾಡುವುದಿಲ್ಲ.

ಸಾವನದುರ್ಗದಂಥ ಇಳಿಜಾರು ಗ್ರಾನೈಟಿನಲ್ಲಿ ಕಾಲಿನ ಪಾಠ ಬೇರೆಯದೇ. ಅಲ್ಲಿ ಹಿಡಿಗಳೇ ಕಡಿಮೆ. ಶೂವಿನ ರಬ್ಬರು ಒರಟು ಕಲ್ಲಿಗೆ ಒತ್ತಿ ಉಂಟಾಗುವ ಘರ್ಷಣೆಯೇ ಆಧಾರ. ಭಯಪಟ್ಟ ಹೊಸಬರು ಬಂಡೆಯನ್ನು ತಬ್ಬಿಕೊಳ್ಳುತ್ತಾರೆ, ಎದೆ ಕಲ್ಲಿಗೆ ತಾಗಿಸುತ್ತಾರೆ. ಆಗ ಭಾರ ಪಾದದಿಂದ ಸರಿದು ಶೂ ಜಾರುತ್ತದೆ. ಜಾರಿದ್ದರಿಂದ ಹೆದರಿ ಇನ್ನೂ ಹತ್ತಿರ ತಬ್ಬುತ್ತಾರೆ, ಇನ್ನೂ ಜಾರುತ್ತದೆ. ಸೊಂಟವನ್ನು ಬಂಡೆಯಿಂದ ಹೊರಗೆ ತಂದು, ಹಿಮ್ಮಡಿ ಕೆಳಗಿಳಿಸಿ, ಇಡೀ ಮೈಭಾರವನ್ನು ಪಾದದ ಮೇಲೆ ಬಿಟ್ಟರೆ ಶೂ ಅಂಟಿಕೊಂಡಂತೆ ನಿಲ್ಲುತ್ತದೆ. ಬಾದಾಮಿಯ ನೆಟ್ಟನೆಯ ಗೋಡೆಯಲ್ಲಿ ಇದಕ್ಕೆ ಪೂರ್ತಿ ವಿರುದ್ಧ. ಅಲ್ಲಿ ಪದರಪದರವಾದ ಮರಳುಗಲ್ಲಿನ ಅಡ್ಡ ಅಂಚುಗಳೇ ಹಿಡಿ, ಸೊಂಟ ಗೋಡೆಗೆ ಎಷ್ಟು ಹತ್ತಿರವಿದ್ದರೆ ಕೈಗೆ ಅಷ್ಟು ಹಗುರ. ಒಂದು ಕಡೆ ಕಲಿತದ್ದನ್ನು ಇನ್ನೊಂದು ಕಡೆ ಹಾಗೆಯೇ ಹಚ್ಚಲು ಹೋಗಿ ಸೋಲುವವರು ಬಹಳ. ತಮಗೆ ಹತ್ತಲು ಬರುವುದೇ ಇಲ್ಲವೆಂದು ಕೈಬಿಡುವವರೂ ಇದ್ದಾರೆ. ಬದಲಾದದ್ದು ಕಲ್ಲು ಮಾತ್ರ.

ಕೈಯ ವಿಷಯದಲ್ಲಿ ಹೇಳಬೇಕಾದ್ದು ಎರಡೇ ಮಾತು. ನಿಂತಿರುವಾಗ ತೋಳು ನೇರವಾಗಿರಬೇಕು. ಆಗ ಭಾರವನ್ನು ಸ್ನಾಯುವಿಗಿಂತ ಮೂಳೆಯೇ ಹೆಚ್ಚು ಹೊರುತ್ತದೆ. ಬೀಳದಿರಲು ಬೇಕಾದಷ್ಟೇ ಹಿಡಿಯಬೇಕು, ಅದಕ್ಕಿಂತ ಗಟ್ಟಿಯಾಗಿ ಬೇಡ. ಹೊಸಬರು ಹಿಡಿಗಳನ್ನು ಅಗತ್ಯಕ್ಕಿಂತ ಎಷ್ಟೋ ಬಲವಾಗಿ ಅಮುಕುತ್ತಾರೆ. ಭಯವೇ ಇದಕ್ಕೆ ಕಾರಣ. ಬಿದ್ದರೆ ಏನಾಗುತ್ತದೆಂದು ಗೊತ್ತಿಲ್ಲದಿರುವವರೆಗೆ ಆ ಬಿಗಿ ಸಡಿಲವಾಗುವುದಿಲ್ಲ. ಮೇಲಿನಿಂದ ಹಗ್ಗ ಕಟ್ಟಿದ ಟಾಪ್‌ರೋಪ್ ದಾರಿಯಲ್ಲಿ ಮೊದಲ ದಿನವೇ ಬೇಕೆಂದೇ ನಾಲ್ಕಾರು ಸಲ ಕೈಬಿಟ್ಟು ಹಗ್ಗದ ಮೇಲೆ ಕೂತು ನೋಡುವುದು ಒಳ್ಳೆಯದು. ಹಗ್ಗ ಹಿಡಿಯುತ್ತದೆಂದು ಮನಸ್ಸಿಗಿಂತ ಮೊದಲು ಮೈಗೆ ಗೊತ್ತಾಗಬೇಕು.

ನೆಲದಿಂದಲೇ ದಾರಿ ಓದದಿರುವುದು ಇನ್ನೊಂದು ಕೊರತೆ. ಎಲ್ಲಿ ನಿಂತು ಕೈ ಕೊಡವಿ ಸುಧಾರಿಸಿಕೊಳ್ಳಬಹುದು, ಯಾವ ಹಿಡಿಗೆ ಎಡಗೈ, ಎಲ್ಲಿ ಕಾಲು ಬದಲಿಸಬೇಕು ಎಂದು ಕೆಳಗೆ ನಿಂತೇ ಕಣ್ಣಿನಲ್ಲಿ ಹತ್ತಿ ನೋಡಿದರೆ ಗೋಡೆಯ ನಡುವೆ ತೂಗಾಡುತ್ತಾ ಯೋಚಿಸುವುದು ತಪ್ಪುತ್ತದೆ. ಚಾಕ್ ಪುಡಿಯನ್ನು ಮಂತ್ರದ ಬೂದಿಯಂತೆ ನಂಬುವುದೂ ಸಾಮಾನ್ಯ. ಈ ಮೆಗ್ನೀಸಿಯಂ ಕಾರ್ಬೊನೇಟ್ ಪುಡಿಯನ್ನು 1950ರ ದಶಕದಲ್ಲಿ ಜಿಮ್ನಾಸ್ಟಿಕ್ಸ್‌ನಿಂದ ಬಂಡೆಗೆ ತಂದವರು ಅಮೆರಿಕದ ಜಾನ್ ಗಿಲ್. ಅದು ಬೆವರನ್ನು ಹೀರುತ್ತದೆ, ಅಷ್ಟೇ. ಹೆಚ್ಚು ಹಚ್ಚಿದರೆ ಪುಡಿಯೇ ಬೆರಳಿಗೂ ಕಲ್ಲಿಗೂ ನಡುವೆ ಪದರವಾಗಿ ಜಾರುತ್ತದೆ. ಹೊರಡುವ ಮುನ್ನ ಬ್ರಷ್ಷಿನಿಂದ ಹಿಡಿಗಳನ್ನು ಉಜ್ಜಿ ಬಿಳಿ ಗುರುತು ಅಳಿಸುವುದು ಹತ್ತುವವರ ನಡುವಿನ ಮರ್ಯಾದೆ.

ಗುಂಡು ಹತ್ತುವ ಮುನ್ನ ಇಳಿಯುವ ದಾರಿ

ಹಂಪಿ, ತುರಹಳ್ಳಿಗಳಲ್ಲಿ ಹೊಸಬರು ಶುರು ಮಾಡುವುದು ಬೌಲ್ಡರಿಂಗ್‌ನಿಂದ. ಹಗ್ಗವಿಲ್ಲ, ಗುಂಡು ಎತ್ತರವಿಲ್ಲ, ಕೆಳಗೆ ಕ್ರ್ಯಾಶ್ ಪ್ಯಾಡ್ ಎಂಬ ದಪ್ಪ ಸ್ಪಂಜಿನ ಹಾಸು. ಸುರಕ್ಷಿತವೆಂದು ಕಾಣುವ ಈ ಆಟದಲ್ಲಿ ಪ್ರತಿ ಬೀಳುವಿಕೆಯೂ ನೆಲಕ್ಕೇ ಎಂಬುದು ಮರೆತುಹೋಗುತ್ತದೆ. ಕಾಲುಗಂಟು ಉಳುಕುವುದು, ಮಣಿಕಟ್ಟು ಮುರಿಯುವುದು ಇಲ್ಲೇ ಹೆಚ್ಚು. ಬೀಳುವಾಗ ಕೈಯನ್ನು ಹಿಂದಕ್ಕೆ ಊರುವುದು ಸಹಜ ಪ್ರವೃತ್ತಿ, ಅದನ್ನು ಬಿಡಿಸಿಕೊಳ್ಳಬೇಕು. ಎರಡೂ ಪಾದ ಒಟ್ಟಿಗೆ ತಾಗಲಿ, ಮಂಡಿ ಮಡಚಲಿ, ಕೈ ಎದೆಯ ಮೇಲೆ ಬರಲಿ, ಬೆನ್ನ ಮೇಲೆ ಉರುಳಿದರೂ ಚಿಂತೆಯಿಲ್ಲ. ಕೆಳಗೆ ನಿಂತು ಕಾಯುವವರು ಬೀಳುವವರನ್ನು ತಬ್ಬಿ ಹಿಡಿಯಲು ಹೋಗಬಾರದು. ಸೊಂಟದ ಮೇಲ್ಭಾಗಕ್ಕೆ ಕೈಕೊಟ್ಟು ಹಾಸಿನ ಕಡೆ ತಿರುಗಿಸಿ, ತಲೆ ಕಲ್ಲಿಗೆ ಬಡಿಯದಂತೆ ನೋಡಿಕೊಂಡರೆ ಅವರ ಕೆಲಸ ಮುಗಿಯಿತು. ಎರಡು ಹಾಸುಗಳನ್ನು ಜೋಡಿಸಿದ ಸಂದು ಕಾಲುಗಂಟಿಗೆ ಶತ್ರು. ಆ ಸಂದನ್ನು ಮುಚ್ಚದೆ ಯಾರೂ ಹತ್ತಬಾರದು.

ಹಂಪಿಯ ಗುಂಡುಗಳಲ್ಲಿ ಮತ್ತೊಂದು ಪೇಚು ಕಾದಿರುತ್ತದೆ. ಮೇಲೇರಿದ ಹುರುಪಿನಲ್ಲಿ ನೆತ್ತಿಗೆ ತಲುಪಿ ಸುತ್ತ ನೋಡಿದರೆ ನಾಲ್ಕೂ ಕಡೆ ಗುಂಡಗೆ ನುಣುಪಾದ ಇಳುಕಲು. ಹತ್ತುವಾಗ ಕಣ್ಣೆದುರಿಗಿದ್ದ ಕಾಲ್ನೆಲೆಗಳು ಇಳಿಯುವಾಗ ಹೊಟ್ಟೆಯ ಕೆಳಗೆ ಮರೆಯಾಗಿರುತ್ತವೆ. ಬಿಸಿಲೇರುತ್ತಿದ್ದಂತೆ ಕಲ್ಲು ಕಾಯುತ್ತದೆ, ಕೈ ಬೆವರುತ್ತದೆ, ಕೆಳಗಿನವರು ಆಚೆ ಕಾಲಿಡು, ಈಚೆ ಇಡು ಎಂದು ಕೂಗುತ್ತಾರೆ. ಹಾಗಾಗಿ ಗುಂಡಿಗೆ ಕೈಹಚ್ಚುವ ಮೊದಲು ಅದನ್ನು ಒಂದು ಸುತ್ತು ಹಾಕಿ, ಯಾವ ಬದಿಯಲ್ಲಿ ನಡೆದು ಇಳಿಯಬಹುದೆಂದು ನೋಡಿಡಬೇಕು. ಇಳಿಯುವ ದಾರಿ ಕಾಣದ ಗುಂಡು ಹೊಸಬರಿಗಲ್ಲ.

ಹಗ್ಗದ ತಪ್ಪುಗಳು

ಹಗ್ಗ ಹಾಕಿ ಹತ್ತುವವರು ಸೊಂಟಕ್ಕೂ ತೊಡೆಗೂ ತೊಡುವ ಹಾರ್ನೆಸ್‌ಗೆ ಕಟ್ಟಿಕೊಳ್ಳುವುದು ಎಂಟರ ಆಕಾರದ ಗಂಟು. ಮೊದಲು ಹಗ್ಗದಲ್ಲಿ ಒಂದು ಎಂಟನ್ನು ಹಾಕಿ, ತುದಿಯನ್ನು ಹಾರ್ನೆಸ್ಸಿನ ಎರಡೂ ಕುಣಿಕೆಗಳ ಒಳಗೆ ತೂರಿಸಿ, ಅದೇ ಎಂಟಿನ ಜಾಡು ಹಿಡಿದು ವಾಪಸ್ಸು ತರಬೇಕು. ಗಂಟು ಮುಗಿದಾಗ ಎಳೆಗಳು ಎಲ್ಲ ಕಡೆಯೂ ಜೋಡಿಜೋಡಿಯಾಗಿ, ಒಂದರ ಮೇಲೊಂದು ಹತ್ತದೆ ಕಾಣಬೇಕು. ಉಳಿದ ತುದಿ ಒಂದು ಗೇಣಿಗೆ ಕಡಿಮೆಯಿರಬಾರದು. ಕಲಿಯಲು ಹತ್ತು ನಿಮಿಷ ಸಾಕು, ಆದರೆ ಪ್ರತಿ ಸಲವೂ ಪೂರ್ತಿ ಕಟ್ಟಬೇಕು ಎಂಬುದೇ ಕಷ್ಟ. ಅಮೆರಿಕದ ಲಿನ್ ಹಿಲ್ ಜಗತ್ತಿನ ಅಗ್ರಗಣ್ಯ ಆರೋಹಿಗಳಲ್ಲಿ ಒಬ್ಬರು. 1989ರಲ್ಲಿ ಫ್ರಾನ್ಸಿನ ಬ್ಯೂಕ್ಸ್‌ನಲ್ಲಿ ಅವರು ಹಗ್ಗವನ್ನು ಹಾರ್ನೆಸ್‌ಗೆ ತೂರಿಸಿ ಗಂಟು ಮುಗಿಸದೆ ಹತ್ತಿದರು. ನೆತ್ತಿ ತಲುಪಿ, ಇಳಿಸಲೆಂದು ಹಗ್ಗಕ್ಕೆ ಒರಗಿದ ಕೂಡಲೇ ಹಗ್ಗ ಕಳಚಿತು. 20 ಮೀಟರಿಗೂ ಹೆಚ್ಚು ಎತ್ತರದಿಂದ ಬಿದ್ದರೂ ಮರದ ಕೊಂಬೆಗಳು ತಡೆದದ್ದರಿಂದ ಬದುಕಿದರು. ಪಾದದ ಮೂಳೆ ಮುರಿದಿತ್ತು, ಮೊಣಕೈ ಕೀಲು ತಪ್ಪಿತ್ತು. ನಾಲ್ಕು ವರ್ಷದ ನಂತರ ಯೊಸೆಮಿಟಿಯ ಎಲ್ ಕ್ಯಾಪಿಟನ್ ಬಂಡೆಯ ‘ನೋಸ್’ ದಾರಿಯನ್ನು ಕೈಕಾಲ ಬಲದಿಂದಲೇ ಏರಿದ ಮೊದಲ ವ್ಯಕ್ತಿ ಇವರೇ. ಇಂಥವರ ಗಂಟೂ ಅರ್ಧಕ್ಕೆ ಉಳಿಯಬಹುದಾದರೆ, ಅನುಭವವೊಂದನ್ನೇ ನಂಬಿ ಕೂರುವಂತಿಲ್ಲ.

ನಂಬಬೇಕಾದ್ದು ಇಬ್ಬರೂ ಒಬ್ಬರನ್ನೊಬ್ಬರು ಪರೀಕ್ಷಿಸುವ ಪದ್ಧತಿಯನ್ನು. ಹತ್ತುವವರ ಗಂಟು ಮತ್ತು ಸೊಂಟಪಟ್ಟಿಯ ಬಕಲ್ಲನ್ನು ಹಗ್ಗ ಹಿಡಿಯುವವರು ನೋಡಬೇಕು, ಹಗ್ಗವನ್ನು ತಡೆಯುವ ಬಿಲೇ ಸಾಧನದೊಳಗೆ ಹಗ್ಗ ಸರಿಯಾದ ದಿಕ್ಕಿನಲ್ಲಿ ಹೋಗಿದೆಯೇ, ಕ್ಯಾರಬೀನರ್ ಎಂಬ ಕೊಂಡಿಯ ತಿರುಪು ಮುಚ್ಚಿದೆಯೇ ಎಂದು ಹತ್ತುವವರು ನೋಡಬೇಕು. ಕಣ್ಣಿನಲ್ಲಿ ನೋಡಿದರೆ ಸಾಲದು, ಕೈಯಲ್ಲಿ ಮುಟ್ಟಿ ಎಳೆದು ನೋಡಬೇಕು. ಈ ಪರೀಕ್ಷೆಗೆ ಅರ್ಧ ನಿಮಿಷವೂ ಹಿಡಿಯದು. ಗೆಳೆಯರನ್ನು ಅನುಮಾನಿಸಿದಂತೆ ಆಗುತ್ತದೆಂಬ ಸಂಕೋಚ ಇಲ್ಲಿ ಸಲ್ಲದು. ಗಂಟು ಕಟ್ಟುತ್ತಿರುವವರನ್ನು ಮಾತಿಗೆಳೆಯದಿರುವುದು ಸುತ್ತ ಇರುವವರ ಪಾಲಿನ ಕರ್ತವ್ಯ.

ಕೆಳಗೆ ನಿಂತು ಹಗ್ಗ ನಿಯಂತ್ರಿಸುವ ಬಿಲೇ ಕೆಲಸವನ್ನು ಹೊಸಬರು ಕಾಯುವ ಕೆಲಸವೆಂದುಕೊಳ್ಳುತ್ತಾರೆ. ಬಂಡೆಗೆ ಒರಗಿ ಕೂರುತ್ತಾರೆ, ಗೋಡೆಯಿಂದ ದೂರ ನಿಂತು ಫೋನ್ ನೋಡುತ್ತಾರೆ. ಹಗ್ಗದ ತಡೆಯುವ ಬದಿಯನ್ನು ಹಿಡಿದ ಕೈ ಯಾವ ಕಾರಣಕ್ಕೂ ಬಿಡಬಾರದು ಎಂಬುದು ಇಲ್ಲಿನ ಮೊದಲ ನಿಯಮ. ದೂರ ನಿಂತಿದ್ದರೆ ಹತ್ತುವವರು ಬಿದ್ದಾಗ ಹಗ್ಗ ಸೆಳೆದು ಬಿಲೇ ಹಿಡಿದವರು ಗೋಡೆಗೆ ಅಪ್ಪಳಿಸುತ್ತಾರೆ, ಕೈ ಸಡಿಲುವುದು ಆಗಲೇ. ಹತ್ತುವವರು ತಮಗಿಂತ ಬಹಳ ಭಾರವಿದ್ದರೆ ಮೊದಲೇ ಹೇಳಿ, ನೆಲಕ್ಕೆ ಆಧಾರ ಕಟ್ಟಿಕೊಳ್ಳಬೇಕು. ತಾನೇ ಬಿಗಿಯುವ ಗ್ರಿಗ್ರಿಯಂಥ ಸಾಧನಗಳು ಸಹಾಯಕ್ಕಷ್ಟೆ, ಕೈಯ ಬದಲಿಗೆ ಅಲ್ಲ. ಹಗ್ಗ ಬೇಗ ಕೊಡಲೆಂದು ಅದರೊಳಗಿನ, ಹಗ್ಗ ಬಿಗಿಯುವ ಕ್ಯಾಮನ್ನು ಬೆರಳಿನಿಂದ ಒತ್ತಿಹಿಡಿದರೆ ಅದು ಬಿಗಿಯುವುದೇ ಇಲ್ಲ.

ಇಳಿಸುವಾಗಿನ ಅಪಘಾತಗಳು ಇನ್ನೂ ಕ್ರೂರ, ಏಕೆಂದರೆ ಆ ಹೊತ್ತಿಗೆ ಎಲ್ಲರೂ ಕೆಲಸ ಮುಗಿಯಿತೆಂದುಕೊಂಡಿರುತ್ತಾರೆ. ನೆಲದಿಂದ ಮೇಲಿನ ಆಧಾರಕ್ಕೆ ಹೋಗಿ ಹಗ್ಗ ವಾಪಸ್ಸು ನೆಲ ಮುಟ್ಟಬೇಕಾದ್ದರಿಂದ 60 ಮೀಟರ್ ಹಗ್ಗದಿಂದ ಹತ್ತಬಹುದಾದ ದಾರಿಯ ಎತ್ತರ 30 ಮೀಟರಿಗಿಂತ ಕಡಿಮೆ. ದಾರಿ ಅದಕ್ಕಿಂತ ಉದ್ದವಿದ್ದರೆ ಹಗ್ಗದ ತುದಿ ಬಿಲೇ ಸಾಧನದೊಳಗಿಂದ ಸರ್ರನೆ ಜಾರಿಹೋಗುತ್ತದೆ, ಇಳಿಯುತ್ತಿರುವವರು ನೆಲಕ್ಕೆ ಬೀಳುತ್ತಾರೆ. ತಡೆಗೆ ಬೇಕಾದ್ದು ಹಗ್ಗದ ಆ ತುದಿಯಲ್ಲಿ ಒಂದು ಗಂಟು. ಅಷ್ಟು ಸಣ್ಣ ಕೆಲಸವನ್ನು ಬಿಟ್ಟುಬಿಡುವವರೇ ಹೆಚ್ಚು ಎಂಬುದು ಸೋಜಿಗ.

ಮೊದಲು ಹತ್ತುತ್ತಾ ಬಂಡೆಗೆ ಕೂರಿಸಿದ ಬೋಲ್ಟುಗಳಿಗೆ ಹಗ್ಗ ಸಿಕ್ಕಿಸಿಕೊಂಡು ಹೋಗುವ ಲೀಡ್ ಬಗೆಗೆ ಆತುರ ಬೇಡ. ಹಗ್ಗ ಕಾಲಿನ ಹಿಂದೆ ಸಿಕ್ಕಿದ್ದಾಗ ಬಿದ್ದರೆ ತಲೆಕೆಳಗಾಗಿ ಗೋಡೆಗೆ ಬಡಿಯುತ್ತಾರೆ. ಕ್ಯಾರಬೀನರ್‌ಗೆ ಹಗ್ಗವನ್ನು ಹಿಂದುಮುಂದಾಗಿ ಸಿಕ್ಕಿಸಿದರೆ ಬೀಳುವಾಗ ತಾನೇ ಕಳಚಿಕೊಳ್ಳಬಹುದು. ಇವನ್ನೆಲ್ಲ ತರಬೇತುದಾರರ ಕಣ್ಣೆದುರಿಗೆ, ಮೇಲಿನಿಂದ ಮತ್ತೊಂದು ಹಗ್ಗವಿಟ್ಟುಕೊಂಡು ಕಲಿಯಬೇಕು. ವಿಡಿಯೊ ನೋಡಿ ಕಲಿಯುವ ವಿದ್ಯೆಯಲ್ಲ ಇದು. ಕಲಿಸಲು ಬೆಂಗಳೂರಿನಲ್ಲಿ ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿಯಂಥ ಸರ್ಕಾರಿ ಸಂಸ್ಥೆಯೇ ಇದೆ. ವಿಡಿಯೊ ಎಂದಾಗ ಅಮೆರಿಕದ ಆರೋಹಿ ಅಲೆಕ್ಸ್ ಹೊನ್ನೊಲ್ಡ್ ನೆನಪಾಗುತ್ತಾರೆ. 2017ರ ಜೂನ್ 3ರಂದು ಎಲ್ ಕ್ಯಾಪಿಟನ್ನಿನ ಸುಮಾರು 900 ಮೀಟರ್ ಗೋಡೆಯನ್ನು ಹಗ್ಗವಿಲ್ಲದೆ ಏರಿದ ಅವರ ಸಾಹಸ ಸಾಕ್ಷ್ಯಚಿತ್ರವಾಗಿ ಮನೆಮನೆ ತಲುಪಿದೆ. ಅದೇ ದಾರಿಯನ್ನು ಅವರು ಅದಕ್ಕೆ ಮುಂಚೆ ಹಗ್ಗ ಹಾಕಿಕೊಂಡು ಮತ್ತೆ ಮತ್ತೆ ಅಭ್ಯಾಸ ಮಾಡಿ, ಕಷ್ಟದ ಕಡೆಗಳಲ್ಲಿ ಕೈಕಾಲು ಎಲ್ಲಿಡಬೇಕೆಂದು ಬಾಯಿಪಾಠ ಮಾಡಿದ್ದರೆಂಬುದು ರೀಲ್ಸ್ ನೋಡುವವರಿಗೆ ಕಾಣುವುದಿಲ್ಲ.

ಕೊಳ್ಳುವಾಗ, ಹೊರಡುವಾಗ

ಸಲಕರಣೆಯಲ್ಲಿ ಉಳಿತಾಯ ಮಾಡಲು ಹೋಗಿ ಹಾರ್ಡ್‌ವೇರ್ ಅಂಗಡಿಯ ನೈಲಾನ್ ಹಗ್ಗ ತರುವವರು ಈಗಲೂ ಇದ್ದಾರೆ. ಭಾರ ಎತ್ತಲು ಅದು ಸರಿ, ಬೀಳುವ ಮನುಷ್ಯನನ್ನು ಹಿಡಿಯಲು ಅಲ್ಲ. ಹತ್ತುವವರಿಗೆಂದು ಮಾಡಿದ ಡೈನಮಿಕ್ ಹಗ್ಗ ಬಿದ್ದಾಗ ಹಿಗ್ಗುತ್ತದೆ, ಆ ಹಿಗ್ಗಿನಲ್ಲಿ ಜಗ್ಗಿನ ಪೆಟ್ಟು ಕರಗುತ್ತದೆ. ಹಿಗ್ಗದ ಹಗ್ಗದಲ್ಲಿ ಆ ಪೆಟ್ಟೆಲ್ಲ ಸೊಂಟಕ್ಕೂ ಬೆನ್ನುಮೂಳೆಗೂ ಮೇಲಿನ ಆಧಾರಕ್ಕೂ ಬೀಳುತ್ತದೆ. ಹಗ್ಗ, ಹಾರ್ನೆಸ್, ಕ್ಯಾರಬೀನರ್‌ಗಳ ಮೇಲೆ ಸಿಇ ಅಥವಾ ಯುಐಎಎ ಎಂಬ ಸುರಕ್ಷತಾ ಗುರುತು ಇದೆಯೇ ನೋಡಬೇಕು. ಯಾರೋ ಬಳಸಿ ಬಿಟ್ಟ ಹಗ್ಗದ ಚರಿತ್ರೆ ಗೊತ್ತಿಲ್ಲದಿದ್ದರೆ ಅದನ್ನು ಮುಟ್ಟದಿರುವುದೇ ಲೇಸು. ಕ್ಯಾರಬೀನರ್ ಉದ್ದಕ್ಕೆ ಎಳೆದಾಗ ತಡೆಯುವ ಬಲದ ಅರ್ಧವನ್ನೂ ಅಡ್ಡಕ್ಕೆ ಎಳೆದಾಗ ತಡೆಯುವುದಿಲ್ಲ. ಈ ಅಂಕಿಗಳು ಅದರ ಮೈಮೇಲೆಯೇ ಕೊರೆದಿರುತ್ತವೆ, ಓದುವವರು ಕಡಿಮೆ.

ಶೂವಿನ ವಿಷಯದಲ್ಲಿ ತಪ್ಪು ತಿರುಗುಮುರುಗು: ಇಲ್ಲಿ ಅತಿ ಖರ್ಚು ಮಾಡುತ್ತಾರೆ. ಚಾಂಪಿಯನ್ನರು ತೊಡುವ, ತುದಿ ಕೊಕ್ಕಿನಂತೆ ಬಾಗಿದ, ಎರಡು ಅಳತೆ ಚಿಕ್ಕ ಶೂ ಕೊಂಡು, ನೋವಿನಿಂದ ಕಾಲಿಡಲಾರದೆ ಒದ್ದಾಡುತ್ತಾರೆ. ಹೊಸಬರಿಗೆ ಚಪ್ಪಟೆ ತಳದ, ಬೆರಳುಗಳು ಮುಂತುದಿಗೆ ತಾಗಿ ತುಸುವೇ ಮಡಚುವ ಶೂ ಸಾಕು. ಸಂಜೆ ಪಾದ ಸ್ವಲ್ಪ ಊದಿರುವುದರಿಂದ ಆ ಹೊತ್ತಿನಲ್ಲಿ ತೊಟ್ಟು ನೋಡಿ ಕೊಳ್ಳುವುದು ಒಳ್ಳೆಯದು. ಹೆಲ್ಮೆಟ್ಟಿಗೆ ಮಾತ್ರ ಹಣವಿಲ್ಲವೆನ್ನಬಾರದು. ಮೇಲಿನವರ ಕಾಲಿನಿಂದ ಕಳಚಿದ ಕಲ್ಲು ಕೆಳಗೆ ಹಗ್ಗ ಹಿಡಿದವರ ತಲೆಯನ್ನೂ ಬಿಡುವುದಿಲ್ಲ.

ನಮ್ಮ ಬಂಡೆಗಳಿಗೆ ತಮ್ಮದೇ ಆದ ಅಪಾಯಗಳಿವೆ, ಹೊರದೇಶದ ಕೈಪಿಡಿಗಳು ಇವನ್ನೆಲ್ಲ ಹೇಳುವುದಿಲ್ಲ. ಮೊದಲನೆಯದು ಹೆಜ್ಜೇನು. ಬಂಡೆಯ ಚಾಚಿನಡಿ ಕಪ್ಪು ಹಲಗೆಯಂತೆ ತೂಗುವ ಹುಟ್ಟು ಕಂಡರೆ ಆ ದಾರಿಯನ್ನು ಆ ದಿನ ಬಿಡಬೇಕು. ಹಗ್ಗದಲ್ಲಿ ತೂಗುತ್ತಿರುವವರಿಗೆ ಓಡಲು ದಾರಿಯಿಲ್ಲ. ಹೊಗೆ, ಗಟ್ಟಿ ಗದ್ದಲ, ಕಲ್ಲೆಸೆತ ಅಲ್ಲಿ ಕೂಡದು. ಬಿಸಿಲು ಎರಡನೆಯದು. ಕಾದ ಕಲ್ಲಿನ ಮೇಲೆ ಕೈಯೂ ನಿಲ್ಲದು, ರಬ್ಬರೂ ನಿಲ್ಲದು. ನವೆಂಬರಿನಿಂದ ಫೆಬ್ರುವರಿವರೆಗೆ, ಅದರಲ್ಲೂ ಬೆಳಗಿನ ಹೊತ್ತು ಪ್ರಶಸ್ತ. ಮಳೆ ಬಿದ್ದ ಮೇಲೆ ಮರಳುಗಲ್ಲು ನೀರು ಕುಡಿದು ಬಲ ಕಳೆದುಕೊಳ್ಳುತ್ತದೆ, ಹಿಡಿಯೇ ಮುರಿದು ಕೈಗೆ ಬರಬಹುದು. ಪೂರ್ತಿ ಒಣಗುವವರೆಗೆ ಕಾಯಬೇಕು. ಬಾದಾಮಿಯ ಕೋತಿಗಳು ಹತ್ತುವವರ ಚೀಲ ಬಿಚ್ಚುವುದರಲ್ಲಿ ಪಳಗಿದವು. ನೆಲದ ಮೇಲೆ ಬಿಟ್ಟ ತಿಂಡಿಯ ಆಸೆಯನ್ನು ಬಿಡುವುದೇ ಸರಿ.

ಎಲ್ಲ ಬಂಡೆಯೂ ಹತ್ತಲು ಇರುವುದಲ್ಲ. ರಾಮನಗರದ ರಾಮದೇವರ ಬೆಟ್ಟ 2012ರಲ್ಲಿ ರಣಹದ್ದುಗಳ ಧಾಮವಾಗಿದೆ. ಉದ್ದ ಕೊಕ್ಕಿನ ರಣಹದ್ದು ಗೂಡು ಕಟ್ಟುವುದು ಕಡಿದಾದ ಬಂಡೆಯ ಅಂಚಿನಲ್ಲಿ, ಹತ್ತುವವರಿಗೆ ಆಸೆ ಹುಟ್ಟಿಸುವ ಜಾಗದಲ್ಲೇ. ಬಾದಾಮಿ, ಹಂಪಿಗಳಲ್ಲಿ ಸಂರಕ್ಷಿತ ಸ್ಮಾರಕದ ಬಂಡೆಗೆ ಚಾಕ್ ಬಳಿಯುವುದಾಗಲಿ ಮೊಳೆ ಹೊಡೆಯುವುದಾಗಲಿ ಅಪರಾಧ. ಅರಣ್ಯ ಪ್ರದೇಶದಲ್ಲಿ ಇಲಾಖೆಯ ಅನುಮತಿ ಬೇಕು. ಯಾವ ಬಂಡೆ ಸದ್ಯ ತೆರೆದಿದೆ, ಯಾವುದರ ಬೋಲ್ಟು ತುಕ್ಕು ಹಿಡಿದಿದೆ ಎಂದು ಅಲ್ಲಿ ಹತ್ತುವ ಸ್ಥಳೀಯರನ್ನು ಕೇಳದೆ ಹೊರಡುವುದು ಅವಿವೇಕ.

ಕೊನೆಯ ತಪ್ಪು ಕಾಣಿಸಿಕೊಳ್ಳುವುದು ಮೂರು ನಾಲ್ಕು ತಿಂಗಳ ನಂತರ, ಹುಚ್ಚು ಹಿಡಿದ ಮೇಲೆ. ವಾರಕ್ಕೆ ಐದು ದಿನ ಗೋಡೆಗೆ ಹೋಗುತ್ತಾರೆ, ಬೆರಳಿನ ಬಲಕ್ಕೆಂದು ಮನೆ ಬಾಗಿಲ ಮೇಲೆ ಹಲಗೆ ಜೋಡಿಸುತ್ತಾರೆ. ಸ್ನಾಯು ಕೆಲವು ವಾರಗಳಲ್ಲಿ ಬಲಿಯುತ್ತದೆ, ಆದರೆ ಮೂಳೆಗೂ ಸ್ನಾಯುವಿಗೂ ಕೊಂಡಿಯಾದ ನಾರುಗಳು ಬಲಿಯಲು ತಿಂಗಳುಗಳೇ ಬೇಕು. ಕಿರಿದಾದ ಅಂಚನ್ನು ಬೆರಳು ಮಡಚಿ ಹಿಡಿಯುವಾಗ ಆ ನಾರುಗಳನ್ನು ಮೂಳೆಗೆ ಬಿಗಿದಿಡುವ ಪಟ್ಟಿಯ ಮೇಲೆ ಭಾರಿ ಒತ್ತಡ ಬೀಳುತ್ತದೆ. ಉಂಗುರದ ಬೆರಳಿನಲ್ಲಿ ಟಪ್ಪೆಂದು ಸದ್ದು ಬಂದರೆ ಅದೇ ಹರಿದಿರಬಹುದು. ಮಾಯಲು ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಬೇಕು. ಬೆಳೆಯುವ ಹುಡುಗ ಹುಡುಗಿಯರಲ್ಲಿ ಇದೇ ಒತ್ತಡ ಬೆರಳ ಮೂಳೆಯ ಬೆಳವಣಿಗೆಯ ಭಾಗದಲ್ಲೇ ಬಿರುಕು ತರಬಹುದು. ಹದಿಹರೆಯದವರ ಬೆರಳ ಗೆಣ್ಣಿನಲ್ಲಿ ನೋವು ಉಳಿದರೆ ಅಭ್ಯಾಸ ನಿಲ್ಲಿಸಿ ವೈದ್ಯರಿಗೆ ತೋರಿಸಲೇಬೇಕು. ಮೊದಲ ವರ್ಷ ವಾರಕ್ಕೆ ಎರಡು ಮೂರು ದಿನ ಹತ್ತಿ, ನಡುವೆ ಒಂದು ಪೂರ್ತಿ ದಿನ ಬಿಡುವು ಕೊಟ್ಟು, ಬೆರಳಿನ ಹಲಗೆಯನ್ನು ಮುಟ್ಟದೆ, ಸುಲಭವೆನಿಸುವ ದಾರಿಗಳನ್ನೇ ಬಗೆಬಗೆಯಾಗಿ ಹತ್ತುತ್ತಾ ಹೋದವರು ಎರಡನೆಯ ವರ್ಷವೂ ಬಂಡೆಯ ಮೇಲಿರುತ್ತಾರೆ.